ಯುವ ಫುಟ್‌ಬಾಲ್ ಆಟಗಾರರ ವರ್ಗಾವಣೆ

ಒಂದು ಕ್ಲಬ್ಬಿನಲ್ಲಿ ನೋಂದಣಿಯಾಗಿರುವ ಎಳೆಯ ಆಟಗಾರನು ಮತ್ತೊಂದು ಕ್ಲಬ್ಬಿಗೆ ಸೇರುವುದನ್ನು ಯುವ ಫುಟ್‌ಬಾಲ್ ವರ್ಗಾವಣೆ ಎನ್ನುತ್ತಾರೆ. ಲೀಗ್‌ಗಳಲ್ಲಿ ಕ್ಲಬ್ಬುಗಳ ನಡುವಣ ಪೈಪೋಟಿಗೆ ಇದೂ ಒಂದು ಕಾರಣ. ಆಟಗಾರನನ್ನು ಬೆಳೆಸುವುದು ಚಿಕ್ಕ ಕ್ಲಬ್ಬು. ಅವನ ಆಟದ ಫಲವನ್ನು ಪಡೆಯುವುದು ಹೆಚ್ಚಾಗಿ ದೊಡ್ಡ ಕ್ಲಬ್ಬು.

ಹಿನ್ನೆಲೆ

ಕರ್ನಾಟಕಕ್ಕೆ ಇಂತಹ ವಲಸೆ ಹೊಸದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವು ದೇಶದಲ್ಲಿ ಹೆಸರುವಾಸಿಯಾಗಿತ್ತು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಬೆಳೆದ ಅಹ್ಮದ್ ಖಾನ್ ಅವರು 1948ರ ಲಂಡನ್ ಒಲಿಂಪಿಕ್ಸ್‌ನ ತರುವಾಯ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ, ಕೊಪ್ಪಳಕ್ಕೆ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ವಸತಿ ಸಹಿತ ಅಕಾಡೆಮಿಯನ್ನು ತೆರೆಯಿತು.

ನಿಯಮಗಳು

ಫಿಫಾ ನಿಯಮದಂತೆ, ಕೆಲವು ವಿನಾಯಿತಿಗಳ ಹೊರತು, 18 ವರ್ಷ ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ ಅವಕಾಶವಿಲ್ಲ. ಒಪ್ಪಂದದ ಅವಧಿ ಮುಗಿಯುವ ಮುನ್ನ ವೃತ್ತಿಪರ ಆಟಗಾರನು ಬೇರೆ ದೇಶದ ಕ್ಲಬ್ಬಿಗೆ ಹೋದರೆ, ವರ್ಗಾವಣೆ ಮೊತ್ತದ ಶೇಕಡಾ 5ರಷ್ಟು ಹಣವು ಅವನಿಗೆ 12ರಿಂದ 23ನೆಯ ವಯಸ್ಸಿನವರೆಗೆ ತರಬೇತಿ ನೀಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಇದರಲ್ಲಿ 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇಕಡಾ 0.25, ನಂತರದ ಪ್ರತಿ ವರ್ಷಕ್ಕೆ ಶೇಕಡಾ 0.5 ಸಲ್ಲುತ್ತದೆ. ದೇಶದೊಳಗಿನ ವರ್ಗಾವಣೆಗಳಲ್ಲಿಯೂ ತರಬೇತಿ ನೀಡಿದ ಕ್ಲಬ್ಬುಗಳಿಗೆ ಪ್ರತಿಫಲ ದೊರೆಯುವ ವ್ಯವಸ್ಥೆಯನ್ನು ಆಯಾ ರಾಷ್ಟ್ರೀಯ ಸಂಸ್ಥೆಗಳು ರೂಪಿಸಬೇಕೆಂದು ಫಿಫಾ ಹೇಳುತ್ತದೆ.

ನೋಂದಣಿಯ ಮಹತ್ವ

ಈ ಪಾಲಿಗೆ ಆಧಾರ ನೋಂದಣಿಯ ದಾಖಲೆಯೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತಹ ಊರುಗಳಲ್ಲಿ ಮಕ್ಕಳಿಗೆ ಆಟ ಕಲಿಸುವವರು ತಮ್ಮ ಕ್ಲಬ್ಬನ್ನೂ ಆಟಗಾರರನ್ನೂ ಕ್ರಮಬದ್ಧವಾಗಿ ನೋಂದಾಯಿಸದಿದ್ದರೆ, ಅವರ ವರ್ಷಗಳ ಶ್ರಮ ಲೆಕ್ಕಕ್ಕೆ ಬರುವುದಿಲ್ಲ.