ರಕ್ತ ಮರಳಿ ಹರಿಯುವ ಹೊತ್ತು

ಬಾಳೆದಿಂಡು ಹೆಚ್ಚುವವರು ಮಜ್ಜಿಗೆ ನೀರಿನ ಪಾತ್ರೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಹೆಚ್ಚಿದ ಬಿಲ್ಲೆ ಕೂಡಲೇ ಅದರೊಳಗೆ ಬೀಳಬೇಕು, ಇಲ್ಲದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ. ದಾನಿಯಿಂದ ತೆಗೆದ ಮೂತ್ರಪಿಂಡಕ್ಕೂ ಇಂಥದ್ದೇ ಉಪಚಾರ ನಡೆಯುತ್ತದೆ. ಅದರ ರಕ್ತನಾಳಗಳಲ್ಲಿ ತಣ್ಣನೆಯ ದ್ರಾವಣ ಹರಿಸಿ, ಅದೇ ದ್ರಾವಣದಲ್ಲಿ ಮುಳುಗಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ. ಆದರೆ ಆಮ್ಲಜನಕದ ದೊಡ್ಡ ಪೆಟ್ಟು ಪೆಟ್ಟಿಗೆಯಲ್ಲಿ ಬೀಳುವುದಿಲ್ಲ. ಅದು ಬೀಳುವುದು ಹೊಸ ದೇಹ ಸೇರಿ ರಕ್ತ ಕಂಡ ಮೊದಲ ಕೆಲವು ನಿಮಿಷಗಳಲ್ಲಿ.

ಶಸ್ತ್ರವೈದ್ಯರು ಕ್ಲಾಂಪ್ ಸಡಿಲಿಸುತ್ತಾರೆ. ಬೂದು ಬಣ್ಣಕ್ಕೆ ತಿರುಗಿದ್ದ ಮೂತ್ರಪಿಂಡ ನೋಡನೋಡುತ್ತಲೇ ಕೆಂಪೇರಿ ಬಿಗಿಯಾಗುತ್ತದೆ; ಎಷ್ಟೋ ಸಲ ಮೇಜಿನ ಮೇಲೇ ಮೂತ್ರ ಜಿನುಗುತ್ತದೆ. ಕಣ್ಣಿಗೆ ಹಬ್ಬದಂಥ ಆ ಗಳಿಗೆಯಲ್ಲೇ ಜೀವಕೋಶಗಳೊಳಗೆ ಗಲಭೆ ಎದ್ದಿರುತ್ತದೆ. ರಕ್ತವಿಲ್ಲದೆ ಕಳೆದ ಗಂಟೆಗಳಲ್ಲಿ ಕೋಶದ ಇಂಧನವಾದ ಎಟಿಪಿ ಮುರಿದು ಹೈಪೊಕ್ಸಾಂಥಿನ್ ಆಗಿ ಉಳಿದಿರುತ್ತದೆ. ಮೈಟೊಕಾಂಡ್ರಿಯಗಳಲ್ಲಿ ಸಕ್ಸಿನೇಟ್ ಎಂಬ ವಸ್ತು ರಾಶಿ ಬಿದ್ದಿರುತ್ತದೆ. ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ಇವೆರಡೂ ಅದನ್ನು ಸೂಪರ್‌ಆಕ್ಸೈಡ್ ಎಂಬ ಪುಂಡ ಕಣವಾಗಿಸಲು ಕಾರಣವಾಗುತ್ತವೆ. ಆ ಕಣಗಳು ಕೋಶದ ಪೊರೆಯ ಕೊಬ್ಬನ್ನು ಕೊರೆಯುತ್ತವೆ, ಬಿಳಿ ರಕ್ತಕಣಗಳನ್ನು ಕೆರಳಿಸುತ್ತವೆ. ಪೆಟ್ಟು ಜೋರಾದರೆ ಹೊಸ ಮೂತ್ರಪಿಂಡ ದಿನಗಟ್ಟಲೆ ಕೆಲಸ ಶುರುಮಾಡದೆ, ರೋಗಿ ಮತ್ತೆ ಡಯಾಲಿಸಿಸ್‌ಗೆ ಹೋಗಬೇಕಾಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಲ್ಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸೌಥರ್ಡ್ 1980ರ ದಶಕದಲ್ಲಿ ರೂಪಿಸಿದ ಯುಡಬ್ಲ್ಯು ದ್ರಾವಣ ಈ ಪೆಟ್ಟನ್ನು ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಂಡಿತು. ಅದರಲ್ಲಿ ಎರಡು ಕಾವಲುಗಾರರಿದ್ದಾರೆ. ಒಂದು, ನಮ್ಮ ಕೋಶಗಳೇ ತಯಾರಿಸಿಕೊಳ್ಳುವ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್. ಇನ್ನೊಂದು ಅಲೊಪ್ಯುರಿನಾಲ್, ಗೌಟ್ ರೋಗಿಗಳು ನುಂಗುವ ಅದೇ ಔಷಧ. ಹೈಪೊಕ್ಸಾಂಥಿನ್‌ನಿಂದ ಪುಂಡ ಕಣ ಹುಟ್ಟಿಸುವ ಕಿಣ್ವದ ಕೈ ಕಟ್ಟುವುದು ಇದರ ಕೆಲಸ. ಕೋಶ ಊದದಂತೆ ತಡೆಯುವ ಲ್ಯಾಕ್ಟೊಬಯೊನೇಟ್, ರಾಫಿನೋಸ್‌ಗಳೂ ಜೊತೆಗಿವೆ. ಗೆಲುವಿನಲ್ಲಿ ಅವುಗಳ ಪಾಲು ದೊಡ್ಡದು. ಈ ದ್ರಾವಣ ಬಂದ ಮೇಲೆ ಯಕೃತ್ತು ಕಾಯಬಲ್ಲ ಅವಧಿ ಬಹಳಷ್ಟು ಹಿಗ್ಗಿತು. ನಡುರಾತ್ರಿ ಧಾವಂತದಲ್ಲಿ ಮಾಡುತ್ತಿದ್ದ ಕಸಿಯನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವಂತಾಯಿತು.

ಗ್ಲುಟಾಥಯೋನ್‌ಗೂ ಮಿತಿಯಿದೆ. ಚೀಲದಲ್ಲಿ ತಿಂಗಳುಗಟ್ಟಲೆ ಇದ್ದರೆ ತಾನೇ ಉತ್ಕರ್ಷಣಗೊಂಡು ಸತ್ವ ಕಳೆದುಕೊಳ್ಳುತ್ತದೆ, ಕೋಶದೊಳಕ್ಕೂ ಸಲೀಸಾಗಿ ಇಳಿಯುವುದಿಲ್ಲ. ಆಂಟಿಆಕ್ಸಿಡೆಂಟ್ ಎಂದು ಬರೆದ ಡಬ್ಬಿ ಕಂಡರೆ ಕಣ್ಣುಮುಚ್ಚಿ ಕೊಳ್ಳುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ: ಸರಿಯಾದ ಜಾಗ, ಸರಿಯಾದ ಗಳಿಗೆ ತಪ್ಪಿದರೆ ಆ ವಸ್ತು ಇದ್ದೂ ಇಲ್ಲದಂತೆ. ಸಕ್ಸಿನೇಟ್‌ನ ಪಾತ್ರ 2014ರಲ್ಲಿ ಬಯಲಾದ ಮೇಲೆ ಸಂಶೋಧಕರ ಗಮನ ಮೈಟೊಕಾಂಡ್ರಿಯದತ್ತ ಇನ್ನಷ್ಟು ಹರಿದಿದೆ.

ನನಗೆ ಹೆಚ್ಚು ಭರವಸೆ ಮೂಡಿಸಿರುವುದು ಬೇರೊಂದು ದಾರಿ. ದೀರ್ಘ ಉಪವಾಸ ಮುರಿಯುವವರು ಗಂಜಿಯಿಂದ ಶುರುಮಾಡುತ್ತಾರಲ್ಲ, ಹಾಗೆ. ಕಸಿಗೆ ಮುನ್ನ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಆಮ್ಲಜನಕ ಬೆರೆಸಿದ ದ್ರಾವಣವನ್ನು ಯಂತ್ರದ ಮೂಲಕ ಯಕೃತ್ತಿನಲ್ಲಿ ಮೆಲ್ಲನೆ ಹರಿಸುತ್ತಾರೆ. ರಾಶಿಬಿದ್ದ ಸಕ್ಸಿನೇಟ್ ಗಲಭೆಯಿಲ್ಲದೆ ಕರಗುತ್ತದೆ. ಹೃದಯಬಡಿತ ನಿಂತ ಬಳಿಕ ದಾನವಾದ ಯಕೃತ್ತುಗಳ ಮೇಲೆ ಡಚ್ ವೈದ್ಯರ ಮುಂದಾಳತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಿತ್ತನಾಳ ಕಿರಿದಾಗಿ ಕಾಡುವ ತೊಂದರೆ ಶೇ. 18ರಷ್ಟಿದ್ದದ್ದು ಶೇ. 6ಕ್ಕೆ ಇಳಿಯಿತು.

ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೊರಟ ಹೃದಯಕ್ಕೆ ಮಾತ್ರ ಇಂದಿಗೂ ಸಿಗುವುದು ಸುಮಾರು ನಾಲ್ಕೇ ಗಂಟೆ. ಬೆಂಗಳೂರಿನಲ್ಲಿ ಪೊಲೀಸರು ಸಿಗ್ನಲ್ ತೆರವು ಮಾಡಿ ಆಂಬುಲೆನ್ಸ್‌ಗೆ ದಾರಿ ಬಿಡಿಸುವುದು ಆ ಗಂಟೆಗಳನ್ನು ಉಳಿಸಲಿಕ್ಕೇ. ಸೈರನ್ ಕೇಳಿದರೆ ಗಾಡಿ ಪಕ್ಕಕ್ಕೆ ಹಾಕಿ. ಅಂಗದಾನಕ್ಕೆ ಹೆಸರು ಬರೆಸಬೇಕೆಂದಿದ್ದರೆ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಿದೆ. ಆ ಇಚ್ಛೆಯನ್ನು ಮನೆಯವರಿಗೂ ಇವತ್ತೇ ತಿಳಿಸಿಡಿ.