ಎತ್ತರಕ್ಕೆ ಎಂಥ ಮುಖ? ಗುಜರಾತಿನ ಗಗನಚುಂಬಿಗಳೂ ಅಂದದ ವಾದವೂ

ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಕಟ್ಟಡಗಳಿಗೆ ಬಹುಕಾಲ ಸುಮಾರು 70 ಮೀಟರಿನ ಗೆರೆಯಿತ್ತು. ಎಷ್ಟೇ ಹಣವಿದ್ದರೂ ಇಪ್ಪತ್ತೆರಡು–ಇಪ್ಪತ್ಮೂರು ಮಹಡಿ ದಾಟುವಂತಿರಲಿಲ್ಲ. ಅಹಮದಾಬಾದಿನ ಸರ್ಖೇಜ್–ಗಾಂಧಿನಗರ ಹೆದ್ದಾರಿಯ ಇಕ್ಕೆಲದಲ್ಲಿ ಅನೇಕ ಕಟ್ಟಡಗಳ ನೆತ್ತಿ ದಾರ ಹಿಡಿದು ಕತ್ತರಿಸಿದಂತೆ ಒಂದೇ ಮಟ್ಟಕ್ಕೆ ನಿಂತಿರುವುದು ಈ ಗೆರೆಯಿಂದಾಗಿ. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಈ ಮೂರು ನಗರಗಳ ಜೊತೆಗೆ ರಾಜಕೋಟ್ ಮತ್ತು ಗಾಂಧಿನಗರದಲ್ಲೂ 100 ಮೀಟರ್ ಮೀರಿದ ಕಟ್ಟಡಗಳಿಗೆ ಒಪ್ಪಿಗೆ ಕೊಟ್ಟಿತು. ಎಪ್ಪತ್ತು ಮಹಡಿಗಳ ಮಾತು ಅಂದಿನಿಂದ ಶುರುವಾಯಿತು. ಇಷ್ಟು ಎತ್ತರದ ಕಟ್ಟಡ ಹೇಗೆ ಕಾಣಬೇಕು ಎಂಬ ಹಳೆಯ ವಾದವೂ ಅದರೊಂದಿಗೆ ಹೊಸದಾಗಿ ಎದ್ದಿತು.

ಈ ವಾದದಲ್ಲಿ ಒಮ್ಮತ ಹುಟ್ಟದಿರುವುದಕ್ಕೆ ಒಂದು ಸರಳ ಕಾರಣವಿದೆ. ಎತ್ತರದ ಕಟ್ಟಡವನ್ನು ಎಲ್ಲರೂ ಒಂದೇ ಜಾಗದಲ್ಲಿ ನಿಂತು ನೋಡುವುದಿಲ್ಲ. ಸೇತುವೆಯ ಮೇಲಿಂದ ನೋಡುವವರಿಗೆ ಅದು ಊರಿನ ಗುರುತು. ಬುಡದಲ್ಲಿ ನಡೆದುಹೋಗುವವರ ಪಾಲಿಗೆ ಅದೊಂದು ಗೋಡೆ. ಒಳಗಿರುವವರಿಗೆ ಬೆಳಕು, ಗಾಳಿ ಮತ್ತು ವಿದ್ಯುತ್ ಬಿಲ್ಲು ಮುಖ್ಯ. ಒಬ್ಬರು ಚೆಂದ ಎಂದದ್ದನ್ನು ಇನ್ನೊಬ್ಬರು ಕುರೂಪ ಎನ್ನುವಾಗ, ಬಹಳ ಸಲ ಅವರ ನಡುವಿನ ವ್ಯತ್ಯಾಸ ರುಚಿಯದ್ದಲ್ಲ, ದೂರದ್ದು.

ಹಳೆಯ ನೆತ್ತಿಗಳು

1411ರಲ್ಲಿ ಅಹಮದ್ ಷಾ ಕಟ್ಟಿಸಿದ ಅಹಮದಾಬಾದಿನಲ್ಲಿ ಎತ್ತರವೆಂದರೆ ಮಸೀದಿಗಳ ಮಿನಾರುಗಳು. ಒಂದನ್ನು ಅಲುಗಿಸಿದರೆ ಜೋಡಿ ಮಿನಾರೂ ಅಲುಗುವ ‘ಝೂಲ್ತಾ ಮಿನಾರ್’ ಇಂದಿಗೂ ಊರಿನ ವಿಸ್ಮಯ. ಜಾಮಾ ಮಸೀದಿಯ ಮಿನಾರುಗಳು ಮಾತ್ರ 1819ರ ಕಚ್ ಭೂಕಂಪಕ್ಕೆ ಉರುಳಿದವು. ಈ ಮಣ್ಣಿನಲ್ಲಿ ಎತ್ತರಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬ ಪಾಠ ಹೀಗೆ ಎರಡು ಶತಮಾನ ಹಳೆಯದು.

ಮಿನಾರುಗಳ ಕೆಳಗೆ ಜನರ ವಾಸ ‘ಪೋಳ್’ಗಳಲ್ಲಿತ್ತು. ಒಂದೇ ಬಾಗಿಲಿನ ಓಣಿ, ಅಂಟಿಕೊಂಡ ಮೂರ್ನಾಲ್ಕು ಅಂತಸ್ತಿನ ಮನೆಗಳು, ಕೆತ್ತನೆಯ ಮರದ ಮುಂಭಾಗ, ಬೀದಿಗೆ ತೆರೆದ ‘ಓಟಲೊ’ ಅಂದರೆ ಜಗಲಿ, ನಡುವೆ ತೊಟ್ಟಿ, ಅದರಡಿ ಮಳೆನೀರಿನ ‘ಟಾಂಕಾ’. ಓಣಿ ಕಿರಿದಾದ್ದರಿಂದ ಮನೆಗಳು ಪರಸ್ಪರ ನೆರಳಾದವು, ತೊಟ್ಟಿ ಬಿಸಿಗಾಳಿಯನ್ನು ಮೇಲೆ ಕಳಿಸಿತು. 1573ರ ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲರಿಯಲ್ಲಿ ಮರವೊಂದು ಕೊಂಬೆ ಚಾಚಿದಂತೆ ಬಿಡಿಸಿದ ಚಿತ್ರವಿದೆ. ಆ ಜಾಲರಿಯೂ ಬೆಳಕನ್ನು ಸೋಸಿ ಗಾಳಿಯನ್ನು ಬಿಡುವ ಕೆಲಸವನ್ನೇ ಮಾಡುತ್ತದೆ. ಈ ಹಳೆಯ ನಗರಕ್ಕೆ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಅದು.

ಕಾಂಕ್ರೀಟು ಮತ್ತು ಇಟ್ಟಿಗೆಯ ಪಾಠಶಾಲೆ

ಆಧುನಿಕ ವಾಸ್ತುಶಿಲ್ಪ ಅಹಮದಾಬಾದಿಗೆ ಬಂದದ್ದು ಬಟ್ಟೆ ಗಿರಣಿಗಳ ಹಣದಿಂದ. ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ಲ ಕಾರ್ಬ್ಯೂಸಿಯೆ 1954ರಲ್ಲಿ ಮುಗಿಸಿದರು. ಆಶ್ರಮ ರಸ್ತೆಯತ್ತ, ಅಂದರೆ ಪಡುವಣಕ್ಕೆ, ಅದರ ಮುಖದ ತುಂಬ ಓರೆಯಾಗಿ ನಿಲ್ಲಿಸಿದ ಕಾಂಕ್ರೀಟ್ ರೆಕ್ಕೆಗಳಿವೆ. ಸಂಜೆಯ ಬಿಸಿಲನ್ನು ಅವು ಹೊರಗೇ ತಡೆಯುತ್ತವೆ. ಲೂಯಿ ಕಾನ್ 1962ರಲ್ಲಿ ಕೈಗೆತ್ತಿಕೊಂಡ ಐಐಎಂ ಆವರಣದಲ್ಲಿ ದಪ್ಪ ಇಟ್ಟಿಗೆ ಗೋಡೆಗಳಲ್ಲಿ ದೊಡ್ಡ ವೃತ್ತಗಳು ತೆರೆದುಕೊಂಡಿವೆ, ಕಿಟಕಿಗಳು ನೆರಳಿನ ಹಿಂದೆ ಸರಿದಿವೆ. ಇಬ್ಬರ ಜೊತೆಗೂ ದುಡಿದ ಬಾಲಕೃಷ್ಣ ದೋಶಿ ಇಲ್ಲಿಯೇ ವಾಸ್ತುಶಿಲ್ಪ ಶಾಲೆ ಕಟ್ಟಿದರು, 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದರು. ಬೆಂಗಳೂರಿನ ಐಐಎಂನ ಕಲ್ಲಿನ ಗೋಡೆಗಳು, ಬಳ್ಳಿ ಹಬ್ಬಿದ ಪಡಸಾಲೆಗಳು ಅವರದೇ ರಚನೆ.

ಇವು ಯಾವುವೂ ಗಗನಚುಂಬಿಗಳಲ್ಲ. ಆದರೂ ಗಗನಚುಂಬಿಗಳನ್ನು ಅಳೆಯುವ ಮಾನದಂಡ ಇವುಗಳಿಂದಲೇ ಹುಟ್ಟಿತು. ಬಿಸಿಲಿಗೆ ಉತ್ತರ ಕೊಡದ ಕಟ್ಟಡ ಎಷ್ಟೇ ಹೊಳೆದರೂ ಸುಂದರವಲ್ಲ ಎಂಬುದು ಈ ಪರಂಪರೆಯ ನಂಬಿಕೆ. ಈ ನಂಬಿಕೆಗೂ ಸರ್ವಸಮ್ಮತಿಯಿಲ್ಲ. 2020ರ ಡಿಸೆಂಬರಿನಲ್ಲಿ ಐಐಎಂ ಆಡಳಿತ ಕಾನ್ ರೂಪಿಸಿದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಲು ಹೊರಟಿತು. ಬಿರುಕು, ಸೋರಿಕೆ, ಭೂಕಂಪದ ಹಾನಿ ಅದರ ಕಾರಣಗಳು. ದೇಶವಿದೇಶಗಳ ವಾಸ್ತುಶಿಲ್ಪಿಗಳು ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದ ಆಡಳಿತ, 2022ರಲ್ಲಿ ಮರುನಿರ್ಮಾಣದ ಮಾತನ್ನು ಮತ್ತೆ ಎತ್ತಿತು. ಹೊರಗಿನಿಂದ ನೋಡುವವರಿಗೆ ಶಿಲ್ಪವಾದದ್ದು ಒಳಗೆ ನಿಭಾಯಿಸುವವರಿಗೆ ಸೋರುವ ಸೂರಾಗಿತ್ತು.

ಭೂಮಿ ನಡುಗಿದ ಮೇಲೆ

2001ರ ಜನವರಿ 26ರ ಬೆಳಿಗ್ಗೆ ಕಚ್‌ನಲ್ಲಿ ಭೂಮಿ ಕಂಪಿಸಿತು. ಕೇಂದ್ರಬಿಂದುವಿನಿಂದ ಇನ್ನೂರು ಕಿಲೋಮೀಟರಿಗೂ ಆಚೆಯಿದ್ದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ವಸತಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ನೆಲಮಹಡಿಯನ್ನು ವಾಹನ ನಿಲುಗಡೆಗೆ ಬಿಟ್ಟು ಬರೀ ಕಂಬಗಳ ಮೇಲೆ ನಿಲ್ಲಿಸಿದ್ದ ಮನೆಗಳಿಗೆ ಹೆಚ್ಚು ಪೆಟ್ಟು ಬಿತ್ತು. ಮೇಲಿನ ಮಹಡಿಗಳಲ್ಲಿ ಗೋಡೆಗಳು ಒತ್ತಾಗಿದ್ದು ಕೆಳಗೆ ಕಂಬಗಳು ಮಾತ್ರ ಇದ್ದರೆ, ಅಡ್ಡ ಅಲುಗಾಟದ ಇಡೀ ಭಾರ ಆ ದುರ್ಬಲ ಅಂತಸ್ತಿನ ಮೇಲೆ ಬೀಳುತ್ತದೆ. ಕಂಬಗಳ ಮೇಲೆ ಹಗುರವಾಗಿ ತೇಲುವಂತೆ ಕಾಣುವ ಕಟ್ಟಡ ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪದ ಮೆಚ್ಚಿನ ಚಿತ್ರವಾಗಿತ್ತು. ಆ ದಿನದ ನಂತರ ಗುಜರಾತಿನ ಸಾಮಾನ್ಯ ಜನ ಅದನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಎತ್ತರದ ಭಯ ಕರಗಲು ವರ್ಷಗಳೇ ಬೇಕಾದವು.

2020ರ ನಿಯಮಗಳಲ್ಲಿ ಆ ನೆನಪಿನ ಛಾಯೆಯಿದೆ. ನೂರು ಮೀಟರ್ ಮೀರುವ ಕಟ್ಟಡಕ್ಕೆ ವಿಶೇಷ ತಾಂತ್ರಿಕ ಸಮಿತಿಯ ಪರಿಶೀಲನೆ, ಗಾಳಿಸುರಂಗದಲ್ಲಿ ಮಾದರಿಯ ಪರೀಕ್ಷೆ, ವಿಪತ್ತು ನಿರ್ವಹಣೆಯ ಯೋಜನೆ ಬೇಕು. 100ರಿಂದ 150 ಮೀಟರಿಗೆ ಕನಿಷ್ಠ 2,500 ಚದರ ಮೀಟರ್ ನಿವೇಶನ, ಅದಕ್ಕೂ ಮೇಲೆ 3,500 ಚದರ ಮೀಟರ್. ಬೆಂಗಳೂರಿನವರು ಎಫ್‌ಎಆರ್ ಎನ್ನುವುದಕ್ಕೆ ಗುಜರಾತಿನಲ್ಲಿ ಎಫ್‌ಎಸ್‌ಐ ಎಂದು ಹೆಸರು. ಅದರ ಮಿತಿ 5.4, ಅಂದರೆ ನಿವೇಶನದ ವಿಸ್ತೀರ್ಣದ ಐದು ಪಟ್ಟಿಗೂ ಹೆಚ್ಚು ಕಟ್ಟಬಹುದು.

ಈ ಅಂಕಿಗಳು ಕಟ್ಟಡದ ಮುಖವನ್ನೂ ತೀರ್ಮಾನಿಸುತ್ತವೆ. ದೊಡ್ಡ ನಿವೇಶನವಿದ್ದವರೇ ಕಟ್ಟಬೇಕಾದ್ದರಿಂದ ಗೋಪುರಗಳು ಹಳೆಯ ಬೀದಿಯ ಸಾಲಿಗೆ ಸೇರದೆ ದ್ವೀಪಗಳಂತೆ ದೂರ ದೂರ ನಿಲ್ಲುತ್ತವೆ. ವಾಹನಗಳಿಗೆ ಬುಡದಲ್ಲಿ ಕೆಲವು ಮಹಡಿಗಳ ಅಗಲ ಪೀಠ ಬರುತ್ತದೆ. ನೆತ್ತಿಯಷ್ಟನ್ನೇ ಕಂಪ್ಯೂಟರ್ ಚಿತ್ರದಲ್ಲಿ ತೋರಿಸುವವರು ಈ ಪೀಠದ ಬಗ್ಗೆ ಮಾತಾಡುವುದು ಕಡಿಮೆ. ದಾರಿಹೋಕನ ಕಣ್ಣಿಗೆ ಬೀಳುವುದು ಅದೊಂದೇ.

ಗಾಜಿನ ಪರ, ಗಾಜಿನ ವಿರುದ್ಧ

ಇಂದಿನ ವಾದದಲ್ಲಿ ಅತಿ ಹೆಚ್ಚು ಹೆಸರು ಕೇಳುವುದು ಗಾಜಿನದು. ಗಾಜಿನ ಪರ ವಾದಿಸುವವರ ಬಳಿ ಗಟ್ಟಿ ಕಾರಣಗಳಿವೆ. ಗಾಜಿನ ತೆರೆಗೋಡೆ ಇಟ್ಟಿಗೆಗಿಂತ ಹಗುರ, ಬೇಗ ಕೂರಿಸಬಹುದು, ಒಳಗೆ ಆಳದವರೆಗೂ ಹಗಲು ಬೆಳಕು ಬರುತ್ತದೆ. ಗಾಂಧಿನಗರದ ಮಗ್ಗುಲಲ್ಲಿರುವ ಗಿಫ್ಟ್ ಸಿಟಿಯ ಜೋಡಿ ಗೋಪುರಗಳು ಈ ಶೈಲಿಯ ಪರಿಚಿತ ಉದಾಹರಣೆ. ಹಣಕಾಸಿನ ಊರು ಸಿಂಗಪುರ, ದುಬೈಗಳ ಹಾಗೆ ಕಂಡರೆ ತಪ್ಪೇನು, ಹೂಡಿಕೆದಾರರು ಗುರುತಿಸುವುದು ಆ ಭಾಷೆಯನ್ನೇ ಅಲ್ಲವೆ ಎಂಬುದು ಇವರ ಪ್ರಶ್ನೆ. ಗಿಫ್ಟ್ ಸಿಟಿಯಲ್ಲಿ ನೆಲದಡಿಯ ಸುರಂಗದಲ್ಲಿ ಕೊಳವೆ, ತಂತಿಗಳು ಸಾಗುತ್ತವೆ. ಕೇಂದ್ರ ಸ್ಥಾವರದಿಂದ ಹಲವು ಕಟ್ಟಡಗಳಿಗೆ ತಣ್ಣೀರು ಹರಿದು ತಂಪು ಸಿಗುತ್ತದೆ. ಹಾಗಾಗಿ ಮುಖ ನೋಡಿ ಮಣೆ ಹಾಕಬೇಡಿ ಎನ್ನುತ್ತಾರೆ.

ವಿರೋಧಿಗಳು ಮೊದಲು ತೋರಿಸುವುದು ತಾಪಮಾಪಕವನ್ನು. 2016ರ ಮೇ ತಿಂಗಳಲ್ಲಿ ಅಹಮದಾಬಾದ್ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 2010ರ ಬಿಸಿಗಾಳಿಯ ಸಾವುಗಳ ನಂತರ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ನಿರ್ವಹಣಾ ಯೋಜನೆ ಮಾಡಿಕೊಂಡ ನಗರವಿದು. ಇಂಥಲ್ಲಿ ಪಡುವಣಕ್ಕೆ ಬರಿಗಾಜು ಹಾಕಿ, ಒಳನುಗ್ಗಿದ ಕಾವನ್ನು ಏಸಿಯಿಂದ ಹೊರದಬ್ಬುವುದು ವಿವೇಕವಲ್ಲ. ಹಾಗೆ ದಬ್ಬಿದ ಕಾವು ಬೀದಿಗೇ ಬೀಳುತ್ತದೆ. ರಾಷ್ಟ್ರೀಯ ಇಂಧನ ಉಳಿತಾಯ ಕಟ್ಟಡ ಸಂಹಿತೆಯ ನೇರ ಮಾರ್ಗವೂ ಗೋಡೆಯ ಶೇಕಡ 40ಕ್ಕಿಂತ ಹೆಚ್ಚು ಭಾಗ ಕಿಟಕಿಯಾಗಬಾರದು ಎನ್ನುತ್ತದೆ. ಧೂಳಿನ ಊರಿನಲ್ಲಿ ತೊಳೆಯದ ಗಾಜು ಒಂದೇ ಬೇಸಿಗೆಗೆ ಮಂಕಾಗುತ್ತದೆ ಎಂಬುದು ಇನ್ನೊಂದು ದೂರು.

ನಡುದಾರಿ ಹಿಡಿದವರು ಹಳೆಯ ರೂಪಗಳನ್ನು ಹೊಸ ಎತ್ತರಕ್ಕೆ ತರುತ್ತಾರೆ. ವಸ್ತ್ರಾಪುರದಲ್ಲಿ 2022ರಲ್ಲಿ ತೆರೆದ ಐಟಿಸಿ ನರ್ಮದಾ ಹೋಟೆಲಿನ ವಿನ್ಯಾಸ ಗುಜರಾತಿನ ಮೆಟ್ಟಿಲುಬಾವಿ ಮತ್ತು ತೋರಣಗಳನ್ನು ನೆನಪಿಸುತ್ತದೆ. ಹಲವು ವಸತಿ ಗೋಪುರಗಳ ಮೇಲೂ ಜಾಲರಿಯ ಚಿತ್ತಾರ ಬಂದಿದೆ. ನಮ್ಮತನ ಉಳಿಯಿತೆಂದು ಕೆಲವರಿಗೆ ಹಿಗ್ಗು. ಗಾಳಿ ಬಿಡದ, ನೆರಳು ಕೊಡದ ಜಾಲರಿ ಬರೀ ಸ್ಟಿಕ್ಕರ್ ಎಂದು ಇತರರ ಟೀಕೆ.

ವಡೋದರಾದ ಉತ್ತರ, ಸೂರತ್ತಿನ ಹರಹು

ಈ ಟೀಕೆಗೆ ವಡೋದರಾದ ಲಕ್ಷ್ಮೀವಿಲಾಸ ಅರಮನೆ ಒಂದು ತೊಡಕಿನ ಸಾಕ್ಷಿ. ಮೇಜರ್ ಚಾರ್ಲ್ಸ್ ಮಾಂಟ್ ರೂಪಿಸಿ, ರಾಬರ್ಟ್ ಚಿಸಮ್ ಮುಗಿಸಿದ, 1890ರ ಈ ಅರಮನೆಯಲ್ಲಿ ಇಸ್ಲಾಮಿ ಗುಮ್ಮಟ, ಗುಜರಾತಿ ಕೆತ್ತನೆ, ಯುರೋಪಿನ ಗೋಪುರ ಎಲ್ಲವೂ ಒಂದೇ ಮೈಮೇಲೆ ಕೂಡಿವೆ. ಇಂದಿನ ಮಾತಿನಲ್ಲಿ ಅದೂ ಅಂಟಿಸಿದ ಅಲಂಕಾರವೇ. ಆದರೆ ನೂರು ವರ್ಷ ದಾಟುವಷ್ಟರಲ್ಲಿ ಅದು ಊರಿನ ಹೆಮ್ಮೆಯ ಗುರುತಾಯಿತು. ಮಹಾರಾಜ ಸಯಾಜಿರಾವ್ ಗಾಯಕ್ವಾಡರ ಕಾಲದ ಗುಮ್ಮಟಗಳಿಗೆ ಒಗ್ಗಿದ ಊರು ಅಲ್ಕಾಪುರಿಯ ಬಂಗಲೆಗಳ ಜಾಗದಲ್ಲಿ ಎದ್ದ ವಾಣಿಜ್ಯ ಕಟ್ಟಡಗಳನ್ನು ಆ ಅಳತೆಯಲ್ಲೇ ತೂಗುತ್ತದೆ, ಸಹಜವಾಗಿಯೇ ಅವು ಹಗುರವೆನಿಸುತ್ತವೆ.

ಕಾಲ ಎಲ್ಲವನ್ನೂ ಚೆಂದ ಮಾಡುತ್ತದೆ ಎನ್ನುವಂತಿಲ್ಲ. ಪ್ಯಾರಿಸ್ಸಿನ ಕಲಾವಿದರು 1887ರಲ್ಲಿ ಪ್ರತಿಭಟಿಸಿದ ಐಫೆಲ್ ಗೋಪುರ ಆ ನಗರದ ಲಾಂಛನವಾಯಿತು, ನಿಜ. ಅದೇ ಊರಿನ 1973ರ ಮೊಂಪಾರ್ನಾಸ್ ಗೋಪುರವನ್ನು ಜನ ಒಪ್ಪಿಕೊಳ್ಳಲೇ ಇಲ್ಲ. ಅದಾದ ಕೆಲವೇ ವರ್ಷಗಳಲ್ಲಿ ನಗರದ ನಡುಭಾಗದಲ್ಲಿ ಎತ್ತರಕ್ಕೆ ಕಟ್ಟುನಿಟ್ಟಿನ ಮಿತಿ ಬಿತ್ತು.

ಸೂರತ್ತಿನಲ್ಲಿ ದೊಡ್ಡಸ್ತಿಕೆ ಮೇಲಕ್ಕಿಂತ ಅಡ್ಡಕ್ಕೆ ಹರಡಿತು. 2023ರ ಡಿಸೆಂಬರ್ 17ರಂದು ಉದ್ಘಾಟನೆಯಾದ ಸೂರತ್ ವಜ್ರ ವಿನಿಮಯ ಕೇಂದ್ರದಲ್ಲಿ ಹದಿನೈದು ಅಂತಸ್ತಿನ ಒಂಬತ್ತು ಗೋಪುರಗಳನ್ನು ಬೆನ್ನೆಲುಬಿನಂಥ ಉದ್ದನೆಯ ಪಡಸಾಲೆಯೊಂದು ಕೂಡಿಸುತ್ತದೆ. ಸುಮಾರು 67 ಲಕ್ಷ ಚದರ ಅಡಿ, ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳು. ಕಚೇರಿ ಕಟ್ಟಡವಾಗಿ ಅಮೆರಿಕದ ಪೆಂಟಗನ್ನಿಗಿಂತ ದೊಡ್ಡದು. ವಿನ್ಯಾಸ ದೆಹಲಿಯ ಮಾರ್ಫೊಜೆನಿಸಿಸ್ ಸಂಸ್ಥೆಯದು. ಬೀಸುವ ಗಾಳಿ ಪಡಸಾಲೆಯೊಳಗೆ ಹಾಯುವಂತೆ ಅದಕ್ಕೆ ಆಕಾರ ಕೊಟ್ಟಿದ್ದಾರೆ, ಗೋಪುರಗಳ ನಡುವೆ ಅಂಗಳಗಳನ್ನು ಬಿಟ್ಟಿದ್ದಾರೆ. ವಜ್ರದ ವ್ಯಾಪಾರ ಬೀದಿಬದಿಯ ಮಾತುಕತೆಯಲ್ಲಿ ನಡೆದುಬಂದದ್ದರಿಂದ ವ್ಯಾಪಾರಿಗಳು ಎದುರುಬದುರಾಗುವ ಜಾಗ ಬೇಕಿತ್ತು, ಆ ಅರ್ಥದಲ್ಲಿ ಇದು ಮೇಲೆದ್ದ ಬಜಾರು ಎಂದು ಮೆಚ್ಚುವವರಿದ್ದಾರೆ. ಊರಾಚೆಯ ಖಾಜೋದ್‌ನಲ್ಲಿ ಒಂದೇ ಅಚ್ಚಿನ ಒಂಬತ್ತು ಪೆಟ್ಟಿಗೆಗಳು ನಿಂತಂತಿವೆ, ಬಜಾರಿನ ಗದ್ದಲ ಕಟ್ಟಡದ ಜೊತೆ ಬರಲಿಲ್ಲ ಎನ್ನುವವರೂ ಇದ್ದಾರೆ. ಕಚೇರಿಗಳು ತುಂಬಲು ತಡವಾದದ್ದು ಎರಡನೆಯ ಪಕ್ಷಕ್ಕೆ ಬಲ ಕೊಟ್ಟಿತು.

ಕಟ್ಟಡದ ಹೊರಹೊದಿಕೆಯ ಇನ್ನೊಂದು ಮಗ್ಗುಲನ್ನು ಸೂರತ್ ನೋವಿನಿಂದ ಕಲಿತಿದೆ. 2019ರ ಮೇ 24ರಂದು ತಕ್ಷಶಿಲಾ ಆರ್ಕೇಡ್‌ನಲ್ಲಿ ಬೆಂಕಿ ಬಿದ್ದು, ಮೇಲಂತಸ್ತಿನ ತರಗತಿಯಲ್ಲಿದ್ದ 22 ಎಳೆಯರು ಸತ್ತರು. ಅದು ಗಗನಚುಂಬಿಯಲ್ಲ, ನಾಲ್ಕಂತಸ್ತಿನ ಸಾಧಾರಣ ಕಟ್ಟಡ. ಅಲ್ಲಿಂದೀಚೆಗೆ ಯಾವ ಎತ್ತರದ ಕಟ್ಟಡದ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳು ಬದಲಾದವು: ಹೊರಮೈ ಉರಿಯುವ ಸಾಮಗ್ರಿಯದೇ, ಕಿಟಕಿ ತೆರೆಯುತ್ತದೆಯೇ, ಇಳಿಯಲು ಇನ್ನೊಂದು ದಾರಿಯಿದೆಯೇ?

ಒಳಗಿನ ಬದುಕು

ಕೊನೆಗೆ ಉಳಿಯುವುದು ವಾಸಿಸುವವರ ಅಭಿಪ್ರಾಯ. ಗುಜರಾತಿ ಮನೆಗೆ ‘ಹೀಂಚ್ಕೊ’ ಅಂದರೆ ಉಯ್ಯಾಲೆ ಬೇಕು, ಅದು ತೂಗುವಷ್ಟು ಅಗಲದ ಬಾಲ್ಕನಿ ಬೇಕು. ಅಗಲ ಬಾಲ್ಕನಿ ಕೆಳಗಿನ ಮನೆಗೆ ನೆರಳನ್ನೂ ಕೊಡುತ್ತದೆ. ಗೋಪುರದ ಮುಖಕ್ಕೆ ಆಳವನ್ನೂ ತರುತ್ತದೆ. ಜನವರಿ 14ರ ಉತ್ತರಾಯಣದಲ್ಲಿ ಪೋಳ್‌ಗಳ ತಾರಸಿಗಳು ಗಾಳಿಪಟದ ರಣರಂಗವಾಗುತ್ತವೆ. ಎದುರು ತಾರಸಿಯವನ ದಾರ ಕತ್ತರಿಸಿದಾಗ ‘ಕಾಯ್ಪೊ ಛೇ’ ಎಂಬ ಕೂಗೇಳುತ್ತದೆ. ನೂರು ಕುಟುಂಬಕ್ಕೆ ಒಂದೇ ತಾರಸಿಯಿರುವ ಗೋಪುರದಲ್ಲಿ, ಎದುರಿಗೆ ಇನ್ನೊಂದು ತಾರಸಿಯೇ ಇಲ್ಲದಾಗ, ಆ ಕೂಗಿಗೆ ಕಿವಿಯಿಲ್ಲ. ಆದರೂ ಧೂಳು, ಸೊಳ್ಳೆ, ಸದ್ದುಗಳಿಂದ ಮೇಲೆದ್ದು ದೂರದ ನದಿಯನ್ನು ನೋಡುವ ಸುಖಕ್ಕೆ ಬೆಲೆ ಕೊಡುವವರು ಹೆಚ್ಚುತ್ತಿದ್ದಾರೆ.

ಅಂದವನ್ನು ನಿಯಮದಿಂದ ತರಬಹುದೇ ಎಂಬ ಪ್ರಯೋಗವೂ ನಡೆದಿದೆ. ವಾಸ್ತುಶಿಲ್ಪಿ ಬಿಮಲ್ ಪಟೇಲ್ ರೂಪಿಸಿದ ಸಾಬರಮತಿ ನದಿದಂಡೆ ಯೋಜನೆಯಲ್ಲಿ ದಡದ ಕಟ್ಟಡಗಳ ಗಾತ್ರವನ್ನೇ ಮೊದಲು ಗೊತ್ತುಮಾಡಿ, ನದಿಯಿಂದ ಕಾಣುವ ಒಟ್ಟು ನೋಟಕ್ಕೆ ಹೊಂದಿಕೆ ತರುವ ಉದ್ದೇಶವಿದೆ. ದೂರದ ನೋಟಕ್ಕೆ ಅದು ಉತ್ತರ. ಹತ್ತಿರದ ನೋಟಕ್ಕೆ, ಅಂದರೆ ಗೋಪುರದ ಬುಡದಲ್ಲಿ ಗೋಡೆಯ ಬದಲು ನೆರಳಿನ ಕಾಲುದಾರಿ, ಅಂಗಡಿ, ಕೂರಲು ಕಟ್ಟೆ ಇರಬೇಕೆನ್ನುವುದಕ್ಕೆ ಮಾದರಿಯನ್ನು ಹೊರಗಿನಿಂದ ತರಬೇಕಿಲ್ಲ. ಆರು ನೂರು ವರ್ಷದ ಊರಿನ ಓಟಲೊ ಆ ಕೆಲಸವನ್ನು ಎರಡಡಿ ಎತ್ತರದಲ್ಲೇ ಮಾಡಿ ತೋರಿಸಿದೆ.