ಒಗ್ಗಿದ ಔಷಧವೂ ಒಗ್ಗದಾದಾಗ

ಅತ್ತೆಯವರಿಗೆ ಗಂಟಲುನೋವು ಬಂದಾಗ, ಹಿಂದೊಮ್ಮೆ ವೈದ್ಯರು ಬರೆದುಕೊಟ್ಟು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಯನ್ನು ನಾವೇ ಕೊಟ್ಟೆವು. ಉಳಿದುದನ್ನು ಎಸೆಯಲಾರದ ಗೃಹಸ್ಥರ ಜಿಪುಣತನವೆನ್ನಿ! ಅರ್ಧ ಗಂಟೆಯೊಳಗೆ ಮೈತುಂಬ ದದ್ದೆದ್ದು, ತುಟಿ ಊದಿ, ಉಸಿರು ಕಟ್ಟತೊಡಗಿತು. ಅಂದು ಒಗ್ಗಿತ್ತಲ್ಲ ಎಂಬ ನಮ್ಮ ಧೈರ್ಯವೇ ಹುಸಿಯಾಯಿತು. ಪೆನಿಸಿಲಿನ್ ವರ್ಗಕ್ಕೆ ಸೇರಿದ ಈ ಔಷಧವನ್ನು ಮೊದಲ ಸಲ ಸಹಿಸಿದ ದೇಹವು, ಒಳಗೊಳಗೇ ಅದನ್ನು ವೈರಿಯೆಂದು ಗುರುತಿಸಿಕೊಂಡು, ಮುಂದಿನ ಸಲ ಕೆರಳುವುದುಂಟು. ಆಗ ಪ್ರಾಣ ಉಳಿಸುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಗುಳಿಗೆ ನುಂಗಿಸಿ ಕಾದು ಕುಳಿತರೆ ಸಾಲದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ದೆವು, ಅತ್ತೆಯವರು ಚೇತರಿಸಿಕೊಂಡರು. ಆ ಔಷಧದ ಹೆಸರು ಬರೆದ ಚೀಟಿ ಈಗ ಸದಾ ಅವರ ಕೈಚೀಲದಲ್ಲಿರುತ್ತದೆ. ಯಾವ ವೈದ್ಯರ ಬಳಿ ಹೋದರೂ ನಾಡಿ ತೋರಿಸುವ ಮೊದಲು ಅದನ್ನೇ ತೋರಿಸುತ್ತಾರೆ.